ಸ್ಕೀ ರೇಸ್‌ನಲ್ಲಿ ಯಂತ್ರ ಇರುವಾಗ ಕೈಯಲ್ಲಿ ಸ್ಟಾಪ್‌ವಾಚ್ ಯಾಕೆ?

ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು ನಾಮಕಾವಾಸ್ತೆ ಕೆಲಸ ಖಂಡಿತ ಅಲ್ಲ. ಮೇಲೆ ಸ್ಟಾರ್ಟ್ ಗೇಟ್ ಇದೆ, ಕೆಳಗೆ ಫೋಟೊಸೆಲ್ (ಬೆಳಕಿನ ಕಿರಣ ಕಡಿದದ್ದನ್ನು ಗುರುತಿಸುವ ಸಾಧನ) ಇದೆ, ಕಂಪ್ಯೂಟರ್ ಇದೆ, ಆದರೂ ಸ್ಟಾಪ್‌ವಾಚ್ ಕೊಟ್ಟು ನಿಮ್ಮನ್ನು ಫಿನಿಶ್‌ನಲ್ಲಿ ಯಾಕೆ ನಿಲ್ಲಿಸುತ್ತಾರೆ ಅಂತ ಕೇಳಿದ್ದೀರಿ. ನಾನು ರೇಸ್‌ಗಳಲ್ಲಿ ಟೈಮಿಂಗ್ ತಂಡದ ಜೊತೆ ಕೆಲಸ ಮಾಡುತ್ತೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಯಂತ್ರಕ್ಕೆ ಹೊತ್ತು ಗೊತ್ತು, ಆಳು ಗೊತ್ತಿಲ್ಲ. ಕಾಲು ತಾಗಿ ಸ್ಟಾರ್ಟ್ ಗೇಟಿನ ಕಡ್ಡಿ ತೆರೆದಾಗ ಒಂದು ಸಿಗ್ನಲ್ ಬರುತ್ತದೆ. ಫಿನಿಶ್‌ನಲ್ಲಿ ಫೋಟೊಸೆಲ್ ಕಿರಣ ಕಡಿದಾಗ ಇನ್ನೊಂದು. ಕಿರಣ ಕಡಿದವರು 23ನೇ ಬಿಬ್ಬಿನ (ಎದೆಯ ಮೇಲಿನ ನಂಬರ್ ಬಟ್ಟೆಯ) ಸ್ಪರ್ಧಿಯೋ, ಹಿಮ ಸರಿಮಾಡುತ್ತಾ ಜಾರಿ ಬಂದ ಕೆಲಸಗಾರರೋ ಅದಕ್ಕೆ ತಿಳಿಯುವುದಿಲ್ಲ. 23 ಮಧ್ಯದಲ್ಲಿ ಬಿದ್ದು, ಹಿಂದಿದ್ದ 24 ಮೊದಲು ಬಂದರೆ? ಯಾರೂ ತಡೆಯದಿದ್ದರೆ 24ರ ಫಿನಿಶ್ 23ರ ಹೆಸರಿಗೆ ಹೋಗುತ್ತದೆ, ಅಲ್ಲಿಂದ ಮುಂದಿನವರದ್ದೆಲ್ಲ ಒಂದೊಂದು ಮನೆ ಜರುಗುತ್ತದೆ. ರೇಡಿಯೊದಲ್ಲಿ ಬಿಬ್ ನಂಬರ್ ಕೂಗುತ್ತಲೇ ಇರುವುದು ಇದಕ್ಕೇ. ತಂಡದ ಅರ್ಧ ಕೆಲಸ ಸಿಗ್ನಲ್‌ಗೂ ಮನುಷ್ಯನಿಗೂ ಗಂಟು ಹಾಕುವುದು.

ಇನ್ನರ್ಧ, ಸಿಗ್ನಲ್ ಬರದಿದ್ದಾಗ ಏನು ಮಾಡುವುದು ಎನ್ನುವುದು. ಅಂತರರಾಷ್ಟ್ರೀಯ ಆಲ್ಪೈನ್ (ಬೆಟ್ಟದ ಇಳಿಜಾರಿನ) ಸ್ಕೀ ರೇಸ್‌ಗಳಲ್ಲಿ ಎ ಮತ್ತು ಬಿ ಅಂತ ಎರಡು ಸಿಸ್ಟಮ್ ಇರುತ್ತವೆ. ಎರಡಕ್ಕೂ ಬೇರೆ ಬೇರೆ ಟೈಮರ್, ಬೇರೆ ವೈರ್, ಬೇರೆ ಫೋಟೊಸೆಲ್. ರೇಸ್ ಶುರುವಾಗುವ ಮೊದಲಿನ 60 ನಿಮಿಷದೊಳಗೆ ಎಲ್ಲವನ್ನೂ ಒಂದೇ ಗಡಿಯಾರದ ಹೊತ್ತಿಗೆ ಹೊಂದಿಸುತ್ತಾರೆ. ರನ್ (ಎಲ್ಲರೂ ಒಬ್ಬೊಬ್ಬರಾಗಿ ಇಳಿಯುವ ಒಂದು ಸುತ್ತು) ನಡೆಯುವಾಗ ಮತ್ತೆ ಹೊಂದಿಸುವ ಹಾಗಿಲ್ಲ. ಸ್ಕೀ ಅಂಚಿಗೆ ಸಿಕ್ಕಿ ವೈರ್ ಕತ್ತರಿಸಬಹುದು, ಚಳಿಗೆ ಬ್ಯಾಟರಿ ಕೂರಬಹುದು. ಎರಡೂ ಕೈಕೊಟ್ಟರೆ ಉಳಿಯುವುದು ನಿಮ್ಮ ಸ್ಟಾಪ್‌ವಾಚ್.

ಅದರ ಸಮಯವನ್ನು ಹಾಗೇ ಬಳಸುವುದಿಲ್ಲ. ಆಸುಪಾಸಿನ 10 ಜನರ ಕೈಸಮಯಕ್ಕೂ ಯಂತ್ರದ ಸಮಯಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿ, ಸರಾಸರಿ ತೆಗೆದು, ತಪ್ಪಿಹೋದ ಸಮಯವನ್ನು ಅಷ್ಟು ತಿದ್ದುತ್ತಾರೆ. ಇದರಿಂದ ನಿಮಗೊಂದು ಅನುಕೂಲ ಇದೆ. ನೀವು ಬೇಗ ಒತ್ತಬೇಕಿಲ್ಲ, ಪ್ರತಿ ಸಲ ಒಂದೇ ಥರ ಒತ್ತಬೇಕು. ಯಾವಾಗಲೂ 0.2 ಸೆಕೆಂಡ್ ತಡ ಮಾಡುವವರ ತಡ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಒಮ್ಮೆ ಊಹಿಸಿ ಮುಂಚೆ, ಒಮ್ಮೆ ಬೆಚ್ಚಿ ಆಮೇಲೆ ಒತ್ತುವವರದ್ದನ್ನು ಯಾರೂ ಸರಿಮಾಡಲಾಗದು. ರನ್ ಮಧ್ಯೆ ಸ್ಟಾಪ್‌ವಾಚನ್ನು ಇನ್ನೊಬ್ಬರ ಕೈಗೆ ಕೊಡಬೇಡಿ ಅನ್ನುವುದೂ ಇದಕ್ಕೇ. ಸ್ಕೀಯರ್‌ನ ಹಿಂದೆ ಕಣ್ಣು ಓಡಿಸದೆ ಗೆರೆಯನ್ನೇ ನೋಡಿ. ದೇಹವಾಗಲಿ, ಸ್ಕೀ ಆಗಲಿ, ಮೊದಲು ಯಾವುದು ದಾಟುತ್ತದೋ ಆಗ ಒತ್ತಿ.

ಇಷ್ಟೊಂದು ಹಟ ಯಾಕೆ ಅನ್ನಿಸಬಹುದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗ ಅಂದರೆ ಸುಮಾರು 28 ಸೆಂ.ಮೀ. ಆಲ್ಪೈನ್‌ನಲ್ಲಿ ಸಾವಿರದ ಭಾಗದವರೆಗೆ ಅಳೆದರೂ ಕೊನೆಯ ಅಂಕಿಯನ್ನು ಕತ್ತರಿಸಿ ಹಾಕುತ್ತಾರೆ. 58.231 ಮತ್ತು 58.239 ಎರಡೂ 58.23. 2014ರ ಸೋಚಿ ಒಲಿಂಪಿಕ್ಸ್‌ನ ಮಹಿಳಾ ಡೌನ್‌ಹಿಲ್‌ನಲ್ಲಿ ಡೊಮಿನಿಕ್ ಗೀಸಿನ್ ಮತ್ತು ಟೀನಾ ಮಾಜೆ ಇಬ್ಬರದ್ದೂ 1:41.57, ಇಬ್ಬರಿಗೂ ಚಿನ್ನ. ನನಗೆ ಇದೇ ಸರಿ ಅನ್ನಿಸುತ್ತದೆ. ಸಾವಿರದ ಭಾಗದಲ್ಲಿ ಗೆದ್ದವರನ್ನು ಹುಡುಕುವುದು ಸುಮ್ನೆ ಹಟ.

ಸ್ನೋಬೋರ್ಡ್ ಕ್ರಾಸ್ ಬೇರೆ. ಅಲ್ಲಿ ಹಲವರು ಒಟ್ಟಿಗೇ ಬರುತ್ತಾರೆ, ಯಾರು ಮುಂದು ಅನ್ನುವುದನ್ನು ಫೋಟೊ ಫಿನಿಶ್ ಕ್ಯಾಮೆರಾ ನೋಡಿ ಹೇಳುತ್ತಾರೆ.

ಪೆನ್ ಬೇಡ, ಇಂಕು ಗಟ್ಟಿಯಾಗುತ್ತದೆ, ಪೆನ್ಸಿಲ್ ಇಟ್ಟುಕೊಳ್ಳಿ. ಬದಲಿ ಬ್ಯಾಟರಿ ಜಾಕೆಟ್ಟಿನ ಒಳಜೇಬಿನಲ್ಲಿರಲಿ. ಗುಂಡಿಯ ಸ್ಪರ್ಶ ಗೊತ್ತಾಗುವಷ್ಟು ತೆಳ್ಳನೆ ಗ್ಲೌಸ್ ಒಳಗಡೆ ಹಾಕಿ. ಯಾರದ್ದಾದರೂ ಒತ್ತುವುದು ತಪ್ಪಿದರೆ ಅಂದಾಜಿನ ಸಮಯ ಬರೆಯಬೇಡಿ, ಆ ಬಿಬ್ ಎದುರು ಖಾಲಿ ಬಿಟ್ಟು ಆಗಲೇ ರೇಡಿಯೊದಲ್ಲಿ ತಿಳಿಸಿ. ಕೊನೆಗೆ ಹಾಳೆಯನ್ನು ಟೈಮಿಂಗ್ ಮುಖ್ಯಸ್ಥರ ಕೈಗೆ ಕೊಟ್ಟೇ ಹೊರಡಿ.