ಪ್ರೋಗ್ರಾಮಿಂಗ್ ಪ್ರಶ್ನೋತ್ತರ: ಟೈಪ್ ಮಾಡಿದ್ದು ಪೂರ್ಣಾಂಕನಾ, ಅಲ್ವಾ?

ಪ್ರಶ್ನೆ: ಸರ್, ನಾನು ಡಿಪ್ಲೊಮಾ ಓದ್ತಿದ್ದೀನಿ. ನಮ್ಮೂರ ಹಾಲಿನ ಡೇರಿಗೆ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಮಾಡಿಕೊಟ್ಟಿದ್ದೀನಿ, ಸದಸ್ಯರ ನಂಬರ್ ಹೊಡೆದ್ರೆ ಅವರ ಲೆಕ್ಕ ಬರುತ್ತೆ. ಯಾರಾದ್ರೂ ನಂಬರ್ ಬದಲು ಹೆಸರು ಹೊಡೆದ್ರೆ ಪ್ರೋಗ್ರಾಂ ಅಲ್ಲೇ ನಿಂತು ಹೋಗ್ತಿತ್ತು, ಅದಕ್ಕೆ ಇಸ್‌ಡಿಜಿಟ್ ಹಾಕಿ ಚೆಕ್ ಮಾಡ್ದೆ. ಈಗ ಎರಡು ತಲೆನೋವು ಶುರುವಾಗಿದೆ. ಕಾರ್ಯದರ್ಶಿಗಳು ಬಾಕಿ ಕಳೆಯೋಕೆ -50 ಅಂತ ಹಾಕಿದ್ರೆ ಸಂಖ್ಯೆನೇ ಅಲ್ಲ ಅನ್ನುತ್ತೆ. ಇನ್ನೊಬ್ರು ಕನ್ನಡ ಕೀಬೋರ್ಡಲ್ಲಿ ೪೭ ಅಂತ ಹಾಕಿದ್ರೆ ಒಪ್ಕೊಳ್ಳುತ್ತೆ, ಆದ್ರೆ ಅಂಥ ಸದಸ್ಯರೇ ಇಲ್ಲ ಅನ್ನುತ್ತೆ. ಏನ್ಮಾಡ್ಲಿ?
– ಒಬ್ಬ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಇಸ್‌ಡಿಜಿಟ್ ಕೆಲಸ ಏನು ಅಂದ್ರೆ ಸ್ಟ್ರಿಂಗಲ್ಲಿ, ಅಂದ್ರೆ ಟೈಪ್ ಮಾಡಿದ ಬರಹದಲ್ಲಿ, ಇರೋ ಒಂದೊಂದೇ ಅಕ್ಷರ ನೋಡಿ ಎಲ್ಲಾ ಅಂಕಿನಾ ಅಂತ ಹೇಳೋದು, ಅಷ್ಟೇ. ಮೈನಸ್ ಗುರುತು ಅಂಕಿ ಅಲ್ವಲ್ಲ, ಹಾಗಾಗಿ -50ಕ್ಕೆ ಇಲ್ಲ ಅನ್ನುತ್ತೆ. ಆದ್ರೆ ಸ್ಕ್ವೇರ್ ಗುರುತು ² ಕೊಟ್ಟು ನೋಡಿ, ಹೌದು ಅನ್ನುತ್ತೆ, ಆಮೇಲೆ ಅದನ್ನ ಇಂಟ್‌ಗೆ (ಬರಹವನ್ನ ಪೂರ್ಣಾಂಕ ಮಾಡೋ ಫಂಕ್ಷನ್) ಕೊಟ್ರೆ ಪ್ರೋಗ್ರಾಂ ಬೀಳುತ್ತೆ. ಇಸ್‌ನ್ಯೂಮೆರಿಕ್ ಇನ್ನೂ ಧಾರಾಳಿ, ½ ಕೂಡ ಬಿಟ್ಕೊಳ್ಳುತ್ತೆ. ಈ ಮನೆತನದಲ್ಲಿ ಸ್ವಲ್ಪ ನಂಬಬಹುದಾದ್ದು ಇಸ್‌ಡೆಸಿಮಲ್, ಅದು ² ½ ಎರಡಕ್ಕೂ ಇಲ್ಲ ಅನ್ನುತ್ತೆ, ಆದ್ರೆ ಅದಕ್ಕೂ ಮೈನಸ್ ಆಗಲ್ಲ.

ಅದಕ್ಕೆ ಮೊದಲು ಚೆಕ್ ಮಾಡಿ ಆಮೇಲೆ ಬದಲಾಯಿಸೋ ಬದಲು ನೇರವಾಗಿ ಬದಲಾಯಿಸೋಕೇ ಹೋಗಿ. ಟ್ರೈ ಒಳಗೆ ಇಂಟ್ ಕರೀರಿ, ಆಗ್ಲಿಲ್ಲ ಅಂದ್ರೆ ವ್ಯಾಲ್ಯೂಎರರ್ ಅನ್ನೋ ದೋಷ ಬರುತ್ತೆ, ಅದನ್ನ ಎಕ್ಸೆಪ್ಟಲ್ಲಿ ಹಿಡಿದು "ಸಂಖ್ಯೆ ಹಾಕಿ" ಅಂತ ಹೇಳಿ. ಎಕ್ಸೆಪ್ಟ್ ಮುಂದೆ ವ್ಯಾಲ್ಯೂಎರರ್ ಅಂತ ಹೆಸರು ಬರೀಲೇಬೇಕು ಮಾರಾಯ್ರೆ, ಬರೀ ಎಕ್ಸೆಪ್ಟ್ ಅಂತ ಬಿಟ್ರೆ ನೀವು ಕಂಟ್ರೋಲ್-ಸಿ ಒತ್ತಿ ನಿಲ್ಲಿಸೋಕೆ ಹೋದ್ರೂ ಅದನ್ನೂ ನುಂಗಿ ಮತ್ತೆ "ಸಂಖ್ಯೆ ಹಾಕಿ" ಅಂತ ಕೂತಿರುತ್ತೆ.

ಇಂಟ್ ಏನೇನು ಒಪ್ಪುತ್ತೆ ಅಂತ ಗೊತ್ತಿರ್ಲಿ. ಹಿಂದೆ ಮುಂದೆ ಸ್ಪೇಸ್ ಇದ್ರೂ ಪರವಾಗಿಲ್ಲ, +5 ಆಗುತ್ತೆ, 007 ಕೊಟ್ರೆ 7 ಬರುತ್ತೆ, ಪೈಥಾನ್ 3.6ರಿಂದ ಈಚೆಗೆ 1_000 ಅಂತ ಅಂಡರ್‌ಸ್ಕೋರ್ ಹಾಕಿದ್ರೂ ಸಾವಿರ ಅಂತ ಓದುತ್ತೆ. 12.0 ಆಗಲ್ಲ, ನಾವೆಲ್ಲಾ ಬರೆಯೋ ಹಾಗೆ 1,25,000 ಅಂತ ಕಾಮಾ ಹಾಕಿದ್ರೂ ಆಗಲ್ಲ, ಖಾಲಿ ಬಿಟ್ರೂ ಆಗಲ್ಲ. ಸೊನ್ನೆ ಬದಲು ಇಂಗ್ಲಿಷ್ ಓ ಅಕ್ಷರ ಬಿದ್ದಿದ್ರೂ ಆಗಲ್ಲ, ಕಣ್ಣಿಗೆ ಮಾತ್ರ ಗೊತ್ತಾಗೋದೇ ಇಲ್ಲ.

ಈಗ ನಿಮ್ಮ ೪೭ರ ವಿಷಯ, ನನಗೆ ಇಷ್ಟ ಆಗಿದ್ದು ಇದೇ. ಎಲ್ಲಾ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಲ್ಲಿ ಒಂದೊಂದು ನಂಬರ್ ಕೊಡೋ ಯೂನಿಕೋಡ್‌ನಲ್ಲಿ ೦ಯಿಂದ ೯ರ ತನಕ ಒಂದೊಂದು ಕನ್ನಡ ಅಂಕಿಗೂ ಅದರ ಬೆಲೆ ಎಷ್ಟು ಅಂತ ಗುರುತು ಹಾಕಿಟ್ಟಿದ್ದಾರೆ, ಪೈಥಾನ್ 3 ಅದನ್ನ ನೋಡ್ಕೊಂಡೇ ಓದೋದು. ಹಾಗಾಗಿ ೪೭ನ್ನ ಇಂಟ್‌ಗೆ ಕೊಟ್ರೆ 47 ಬರುತ್ತೆ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಸೇರಿಸಿ ೪7 ಅಂತ ಕೊಟ್ರೂ 47 ಬರುತ್ತೆ. ಹಾಗಾದ್ರೆ ನಿಮ್ಮಲ್ಲಿ ಯಾಕೆ ಸಿಗ್ಲಿಲ್ಲ? ನೀವು ಇಸ್‌ಡಿಜಿಟ್ ಹೌದು ಅಂದ ತಕ್ಷಣ ಆ ಸ್ಟ್ರಿಂಗನ್ನ ಹಾಗೇ ತಗೊಂಡು ಹೋಗಿ ಹುಡುಕ್ತಾ ಇದ್ದೀರಿ ಅನ್ಸುತ್ತೆ, ಪಟ್ಟಿಯಲ್ಲಿರೋದು "47", ನೀವು ಹುಡುಕ್ತಿರೋದು "೪೭", ಸ್ಟ್ರಿಂಗ್ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆನೇ. ಹುಡುಕೋದು, ಉಳಿಸೋದು ಎಲ್ಲಾ ಇಂಟ್ ಮಾಡಿದ ಮೇಲೆ ಬಂದ ಬೆಲೆಯಲ್ಲೇ ಮಾಡಿ, ಸರಿ ಹೋಗುತ್ತೆ. ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಗುರುತುಗಳನ್ನ ಮಾತ್ರ ಒಪ್ಪೋ ಇಸ್‌ಆಸ್ಕಿ ಸೇರಿಸಿ ಕನ್ನಡ ಅಂಕಿನೇ ಬೇಡ ಅಂತ ತಳ್ಳಿಬಿಡಬಹುದು, ಆದ್ರೆ ಪೈಥಾನೇ ಓದೋವಾಗ ನೀವ್ಯಾಕೆ ಬೇಡ ಅಂತೀರಿ?

ಇಂಟ್ ಆಯ್ತು ಅಂದ ಮಾತ್ರಕ್ಕೆ ಸದಸ್ಯರ ನಂಬರ್ ಸರಿ ಅಂತಲ್ಲ. -50 ಬಾಕಿ ಕಾಲಮ್ಮಲ್ಲಿ ಸರಿ, ಸದಸ್ಯರ ಕಾಲಮ್ಮಲ್ಲಿ ತಪ್ಪು, ಆ ಚೆಕ್ ಬೇರೆ ಹಾಕ್ಬೇಕು. ಲೀಟರ್ ಇದ್ರೆ ಅದನ್ನ ಇಂಟ್‌ಗೆ ಕೊಡ್ಲೇಬೇಡಿ, ಆರೂವರೆ ಲೀಟರ್ ತಂದವರ ಗತಿ ಏನು? ಅದಕ್ಕೆ ಪೈಥಾನ್‌ನಲ್ಲೇ ದಶಮಾಂಶ ಲೆಕ್ಕದ ಡೆಸಿಮಲ್ ಮಾಡ್ಯೂಲ್ ಇದೆ.

ಪ್ರಶ್ನೆ: ನಮ್ಮ ವೆಬ್ ಫಾರ್ಮ್‌ದಾಗ ಜಾವಾಸ್ಕ್ರಿಪ್ಟ್ ಹಾಕೇನ್ರಿ. ವಯಸ್ಸಿನ ಡಬ್ಬಿ ಖಾಲಿ ಬಿಟ್ರೂ ಸೊನ್ನೆ ಅಂತ ತಗೋತದ, "25 ವರ್ಷ" ಅಂತ ಬರದ್ರ ಪಾರ್ಸ್‌ಇಂಟ್ 25 ಅಂತದ. ಯಾವುದು ನಂಬೂದ್ರಿ?
– ಗದಗದ ಓದುಗರು

ಉತ್ತರ: ಖಾಲಿಗೆ ಸೊನ್ನೆ ಕೊಡ್ತಿರೋದು ನಂಬರ್ ಫಂಕ್ಷನ್ ಅನ್ಸುತ್ತೆ, ಅದನ್ನೂ ಪಾರ್ಸ್‌ಇಂಟನ್ನೂ ಹಾಗೇ ನಂಬಬೇಡಿ. ಪಾರ್ಸ್‌ಇಂಟ್ ಮೊದಲಿಂದ ಎಷ್ಟು ಅಂಕಿ ಸಿಗುತ್ತೋ ಅಷ್ಟು ಓದಿ ಉಳಿದಿದ್ದನ್ನ ಬಿಟ್ಟುಬಿಡುತ್ತೆ, ಸಂತೇಲಿ ಚೀಟಿಯ ಮೊದಲ ಸಾಲು ಓದಿ ಸಾಮಾನು ಕಟ್ಟಿಕೊಟ್ಟ ಹಾಗೆ. ನಂಬರ್ ಫಂಕ್ಷನ್ ಪೂರ್ತಿ ಓದುತ್ತೆ ಆದ್ರೆ ಖಾಲಿ ಸ್ಟ್ರಿಂಗ್‌ಗೂ ಬರೀ ಸ್ಪೇಸ್‌ಗೂ 0 ಕೊಡುತ್ತೆ. ಮೊದಲು ಟ್ರಿಮ್ ಮಾಡಿ ಹಿಂದೆ ಮುಂದಿನ ಸ್ಪೇಸ್ ತೆಗೀರಿ, ಆಮೇಲೆ ^[0-9]+$ ಅನ್ನೋ ರೆಗೆಕ್ಸ್‌ಗೆ (ಬರಹದ ಮಾದರಿ, ಇಲ್ಲಿ ಮೊದಲಿಂದ ಕೊನೆ ತನಕ ಬರೀ ಅಂಕಿ ಅಂತ) ಹೊಂದುತ್ತಾ ನೋಡಿ, ಹೊಂದಿದ್ರೆ ಮಾತ್ರ ನಂಬರ್ ಮಾಡಿ. ವಯಸ್ಸಿಗೆ ಮೈನಸ್ ಬೇಡ, ಬೇರೆ ಕಡೆ ಬೇಕಾದ್ರೆ ^ ಆದ ಮೇಲೆ -? ಸೇರಿಸಿ, ಮೈನಸ್ ಇದ್ರೂ ಸರಿ ಇಲ್ದಿದ್ರೂ ಸರಿ ಅಂತ ಅರ್ಥ. ಒಂದು ಮಾತು, ಜಾವಾಸ್ಕ್ರಿಪ್ಟ್‌ಗೆ ಪೈಥಾನ್ ಹಾಗೆ ಕನ್ನಡ ಅಂಕಿ ಬರಲ್ಲ, ೨೫ ಕೊಟ್ರೆ ನಂಬರ್ ಅಲ್ಲ ಅನ್ನುತ್ತೆ, ಬೇಕು ಅಂದ್ರೆ ರೆಗೆಕ್ಸ್‌ಗೆ ಮುಂಚೆ ನೀವೇ ಒಂದೊಂದಾಗಿ ಬದಲಾಯಿಸ್ಬೇಕು. ಮತ್ತೆ ಬ್ರೌಸರಲ್ಲಿ ಮಾಡಿದ ಚೆಕ್ ಬರೀ ತುಂಬೋರ ಅನುಕೂಲಕ್ಕೆ, ಸರ್ವರಲ್ಲಿ ಇನ್ನೊಂದು ಸಲ ಮಾಡ್ಲೇಬೇಕು.

ಪ್ರಶ್ನೆ: ಮೊಬೈಲ್ ನಂಬರನ್ನ ಡೇಟಾಬೇಸಲ್ಲಿ ಇಂಟಿಜರ್ ಕಾಲಮ್ಮಲ್ಲಿ ಇಡಬಹುದಾ? ಎಲ್ಲಾ ಅಂಕಿನೇ ಅಲ್ವಾ?
– ಬೆಂಗಳೂರಿನ ಓದುಗರು

ಉತ್ತರ: ಬೇಡ. ಇಂಟಿಜರ್ ಕಾಲಮ್ ಸಾಮಾನ್ಯವಾಗಿ 32 ಬಿಟ್, ಅದರಲ್ಲಿ ಹಿಡಿಯೋ ದೊಡ್ಡ ಸಂಖ್ಯೆ 2147483647, ನಮ್ಮ ಮೊಬೈಲ್ ನಂಬರ್ ಶುರುವಾಗೋದೇ 6, 7, 8, 9ರಿಂದ, ಹತ್ತಂಕಿ, ಹಾಗಾಗಿ ಒಂದೂ ಹಿಡಿಯಲ್ಲ. ದೊಡ್ಡ ಕಾಲಮ್ ಮಾಡಿದ್ರೆ ಹಿಡಿಯುತ್ತೆ ನಿಜ, ಆದ್ರೆ ಲ್ಯಾಂಡ್‌ಲೈನ್ ಕೊಟ್ಟವರ 080 ಹೋಗಿ ಬರೀ 80 ಉಳಿಯುತ್ತೆ, +91 ಹಾಕಿದವರ ಪ್ಲಸ್ ಹೋಗುತ್ತೆ. ಎರಡು ಮೊಬೈಲ್ ನಂಬರ್ ಕೂಡಿಸಿ ಯಾರಿಗೆ ಏನಾಗ್ಬೇಕಿದೆ? ಟೆಕ್ಸ್ಟ್ ಕಾಲಮ್ಮಲ್ಲೇ ಇಡಿ, ಪಿನ್‌ಕೋಡ್, ಬ್ಯಾಂಕ್ ಖಾತೆ ನಂಬರ್, ಆಧಾರ್ ಕೂಡ ಹಾಗೇ.