ಕೂಪನ್ ಪಟ್ಟಿ ಹಾಕಿದ್ದು ನಾನೇ, ಈಗ ಬಿಟ್ಟುಬಿಡಲಾ?

ಪತ್ರ: ನಾನು ಮಂಡ್ಯದವಳು. ಒಂದು ಸಹಕಾರ ಸಂಘದಲ್ಲಿ ಕ್ಯಾಷಿಯರ್. 12 ವರ್ಷದ ಮಗಳು ಗೈಡ್ಸ್‌ಗೆ ಹೋಗ್ತಾಳೆ. ಭಾನುವಾರ ಬೆಳಿಗ್ಗೆ ಮಕ್ಕಳ ಚಟುವಟಿಕೆ ಇರುತ್ತೆ, ನಾವು ಕೆಲವು ಅಪ್ಪ ಅಮ್ಮಂದಿರು ನಿಂತು ಸಹಾಯ ಮಾಡ್ತೀವಿ. ಲೆಕ್ಕ ಬರುತ್ತೆ ಅಂತ ದುಡ್ಡಿನ ಜವಾಬ್ದಾರಿ ನನಗೇ ಬಂತು. ಬೇಸಿಗೆ ಕ್ಯಾಂಪ್‌ಗೆ ಹಣ ಕೂಡಿಸೋಕೆ ದಸರಾ ರಜೆಯಲ್ಲಿ ಪ್ರತಿ ಮಗುವಿಗೂ 100 ರೂಪಾಯಿಯ ಕನಿಷ್ಠ 10 ಕೂಪನ್ ಕೊಟ್ಟೆವು. ಹತ್ತೂ ಮಾರಿದವರಿಗೆ ಕ್ಯಾಂಪ್ ಫ್ರೀ, ಇಲ್ಲದಿದ್ದರೆ ಉಳಿದದ್ದನ್ನು ಮನೆಯವರು ಕಟ್ಟಬೇಕು ಅಂತ ಕಂಟ್ರಾಕ್ಟರ್ ಆಗಿರೋ ಒಬ್ಬ ತಂದೆ ಹೇಳಿದರು, ಎಲ್ಲರೂ ಒಪ್ಪಿದರು. ಯಾರು ಎಷ್ಟು ಮಾರಿದರು ಅಂತ ವಾಟ್ಸಾಪ್ ಗ್ರೂಪಿಗೆ ಪಟ್ಟಿ ಹಾಕಿ ಅಂದರು, ಹಾಕಿದೆ. ಸ್ಕೌಟ್ಸ್‌ನಲ್ಲಿರೋ ಅವರ ಮಗ 60 ಮಾರಿದ್ದ. ನನ್ನ ಮಗಳದ್ದು 25, ನಮ್ಮ ಸಂಘದಲ್ಲೇ ಹೋಯ್ತು. ಕಡೇ ಹೆಸರು ಬಸ್ ಸ್ಟ್ಯಾಂಡ್ ಹತ್ತಿರ ತಿಂಡಿ ಗಾಡಿ ಇಟ್ಟಿರೋರ ಮಗಳದ್ದು, 3. ಆ ಹುಡುಗಿ ಆಮೇಲೆ ಬರಲೇ ಇಲ್ಲ. ನನ್ನ ಮಗಳು ‘ನೀನು ಯಾಕೆ ಹಾಕಿದೆ’ ಅಂತ ಎರಡು ದಿನ ಮಾತು ಬಿಟ್ಟಳು. ಇದರ ಮೇಲೆ, ದುಡ್ಡೆಲ್ಲ ನನ್ನ ಫೋನ್‌ಪೇಗೆ ಬಂದಿದೆ. ಮೊನ್ನೆ ಒಬ್ಬರು ಗ್ರೂಪಲ್ಲಿ ‘ಮೇಡಂ ಲೆಕ್ಕ ಯಾವಾಗ?’ ಅಂತ ಕೇಳಿ ನಗೋ ಮುಖ ಹಾಕಿದ್ದಾರೆ. ನಮ್ಮ ಯಜಮಾನರು ‘ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ, ಬಿಟ್ಟು ಎದ್ದು ಬಾ’ ಅಂತಾರೆ. ಗೈಡ್ಸ್ ನಡೆಸೋ ಕ್ಯಾಪ್ಟನ್ ಮೇಡಂ ಪಾಪ ಒಬ್ಬರೇ ಇದ್ದಾರೆ. ಬಿಡಲಾ? ಇರಲಾ?

ಉತ್ತರ:

ಬಿಡಬಹುದು. ಆದರೆ ಈಗಲ್ಲ. ಲೆಕ್ಕ ಕೇಳಿದ ವಾರವೇ ಎದ್ದು ಹೋದರೆ ನೋಡಿದವರು ಏನಂದುಕೊಳ್ಳುತ್ತಾರೆ ಅಂತ ಕ್ಯಾಷಿಯರ್ ಆದ ನಿಮಗೆ ನಾನು ಹೇಳಬೇಕಾ? ಸುಮ್ನೆ ಇಲ್ಲದ ಅನುಮಾನವನ್ನು ನೀವೇ ಕೈಯಾರೆ ತಂದುಕೊಂಡ ಹಾಗಾಗುತ್ತದೆ.

ಮೊದಲು ಆ ನಗುವ ಮುಖದ ವಿಷಯ ಮುಗಿಸೋಣ, ಅದು ಸುಲಭದ್ದು. ಕೇಳಿದ ಧಾಟಿ ಸರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಕೇಳಿದ್ದು ತಪ್ಪಲ್ಲ. ಊರವರ ದುಡ್ಡು ಒಬ್ಬರ ಸ್ವಂತ ಖಾತೆಯಲ್ಲಿ ವಾರಗಟ್ಟಲೆ ಕೂತಿದ್ದರೆ ಯಾರಾದರೂ ಕೇಳಲೇಬೇಕು. ನಿಮ್ಮ ಸಂಘದಲ್ಲಿ ಹೀಗೆ ನಡೆದಿದ್ದರೆ ನೀವೇ ಮೊದಲು ಕೇಳುತ್ತಿದ್ದಿರಿ. ದಸರಾದಿಂದ ಇಲ್ಲಿಯವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಹಾಲಿನವನಿಗೆ ಕಳಿಸಿದ್ದು, ಗ್ಯಾಸ್‌ಗೆ ಕಟ್ಟಿದ್ದು ಯಾರೂ ನೋಡಬೇಕಿಲ್ಲ, ಅದನ್ನು ಮುಚ್ಚಿ. ಕೂಪನ್ ದುಡ್ಡಿನ ಸಾಲುಗಳಿಗೆ ಮಾತ್ರ ಗುರುತು ಹಾಕಿ, ಕೂಪನ್ ಪುಸ್ತಕದಲ್ಲಿ ಉಳಿದ ಅರ್ಧ ಚೀಟಿಗಳ ನಂಬರಿನ ಜೊತೆ ತಾಳೆ ನೋಡಿ. ಮಾರದೆ ವಾಪಸ್ ಬಂದ ಕೂಪನ್‌ಗಳನ್ನೂ ಎಣಿಸಿಡಿ. ಎಲ್ಲರೂ ಮರೆಯುವುದು ಅದನ್ನೇ. ಆಮೇಲೆ ಇಬ್ಬರನ್ನು ಕರೆದು ಎದುರಿಗೆ ಕೂರಿಸಿ ತೋರಿಸಿ. ಆ ಇಬ್ಬರಲ್ಲಿ ಒಬ್ಬರು ನಗುವ ಮುಖ ಹಾಕಿದವರೇ ಆಗಿರಲಿ. ಕೋಪದಿಂದ ಕರೆಯಬೇಡಿ, ‘ಸಾರ್, ಕೇಳಿದ್ದು ಒಳ್ಳೇದಾಯ್ತು, ಭಾನುವಾರ ಹತ್ತು ನಿಮಿಷ ಬನ್ನಿ’ ಅಂತ ಕರೆಯಿರಿ. ಅವರ ಸಹಿಯೂ ಹಾಳೆಯ ಮೇಲೆ ಬೀಳಲಿ.

ಅವತ್ತೇ ದುಡ್ಡನ್ನು ನಿಮ್ಮ ಖಾತೆಯಿಂದ ಹೊರಗೆ ಹಾಕಿ. ಗುಂಪಿನ ಹೆಸರಲ್ಲಿ ಖಾತೆ ಇದ್ದರೆ ಅದಕ್ಕೆ. ಇಲ್ಲದಿದ್ದರೆ ಕ್ಯಾಪ್ಟನ್ ಮೇಡಂ ಮತ್ತು ನಿಮ್ಮ ಅಪ್ಪ ಅಮ್ಮಂದಿರ ಕಮಿಟಿಯ ಒಬ್ಬರ ಜಂಟಿ ಸಹಿಯ ಖಾತೆ ಮಾಡಿಸುವುದು ಹೇಗೆ ಅಂತ ಸ್ಕೌಟ್ಸ್ ಗೈಡ್ಸ್ ಜಿಲ್ಲಾ ಸಂಸ್ಥೆಯವರನ್ನು ಕೇಳಿ. ಇನ್ನು ಮುಂದೆ ನಿಮ್ಮ ನಂಬರಿಗೆ ಒಂದು ರೂಪಾಯಿಯೂ ಬರಕೂಡದು. ಇದಿಷ್ಟು ಆದರೆ ಈ ವಿಷಯದಲ್ಲಿ ನಿಮಗೆ ನಿದ್ದೆ ಬರುತ್ತದೆ.

ಇನ್ನು ಪಟ್ಟಿ. ಇದು ಕಷ್ಟದ್ದು.

‘ಹಾಕಿ ಅಂದರು, ಹಾಕಿದೆ’ ಅಂತ ಬರೆದಿದ್ದೀರಿ. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮಗಳ ಹೆಸರಿನ ಮುಂದಿರುವ 25 ಕೂಪನ್‌ಗಳಲ್ಲಿ ನಿಮ್ಮ ಮಗಳು ಮಾರಿದ್ದು ಎಷ್ಟು? ಸಂಘದ ಕೌಂಟರ್‌ನಲ್ಲಿ ಹೋಯಿತು ಅಂದಿರಿ. ಸಾಲಕ್ಕೆ ಬಂದವರು, ಬೆಳೆ ದುಡ್ಡು ಬಿಡಿಸಿಕೊಳ್ಳಲು ಬಂದವರು ಕ್ಯಾಷಿಯರ್ ಮೇಡಂ ಎದುರಿಗೆ ಇಲ್ಲ ಅನ್ನುತ್ತಾರಾ? ಕಂಟ್ರಾಕ್ಟರ್ ಸಾಹೇಬರ ಮಗನ 60 ಕೂಪನ್‌ನ ಕಥೆಯೂ ಇಷ್ಟೇ. ಸಿಮೆಂಟ್ ಅಂಗಡಿಯವರು, ಕಬ್ಬಿಣದ ಅಂಗಡಿಯವರು ತಗೊಂಡಿರುತ್ತಾರೆ. ಆ ಹುಡುಗ ಒಂದು ಮನೆಯ ಕಾಲಿಂಗ್ ಬೆಲ್ ಆದರೂ ಒತ್ತಿದ್ದನೋ ಇಲ್ಲವೋ. ಬೆಳಿಗ್ಗೆ ನಿಂತುಕೊಂಡೇ ಎರಡು ಇಡ್ಲಿ ತಿಂದು ಹೋಗುವವರ ಹತ್ತಿರ ನೂರು ರೂಪಾಯಿಯ ಕೂಪನ್ ಹಿಡಿದು ನಿಂತ ಆ ಹುಡುಗಿ ಮೂರು ಮಾರಿದ್ದಾಳೆ. ನನ್ನ ಲೆಕ್ಕದಲ್ಲಿ ಆ ಪಟ್ಟಿಯಲ್ಲಿ ನಿಜವಾಗಿ ಕೂಪನ್ ಮಾರಿದವಳು ಅವಳೇ. ನೀವು ಹಾಕಿದ್ದು ಮಕ್ಕಳ ಪಟ್ಟಿ ಅಲ್ಲ, ಅಪ್ಪ ಅಮ್ಮಂದಿರ ಕೈ ಎಷ್ಟುದ್ದ ಅನ್ನುವ ಪಟ್ಟಿ. ನಿಮ್ಮ ಮಗಳಿಗೆ ಅದು ಗೊತ್ತಾಗಿದೆ, ಅದಕ್ಕೇ ಮಾತು ಬಿಟ್ಟಿದ್ದು. ಗೈಡ್ ನಿಯಮದಲ್ಲಿ ಉಳಿದ ಗೈಡ್‌ಗಳೆಲ್ಲ ತನಗೆ ಸೋದರಿಯರು ಅಂತ ಬರುತ್ತದೆ, ಅವಳು ಅದನ್ನು ಬಾಯಿಪಾಠ ಹೇಳುತ್ತಾಳೆ. ಹನ್ನೆರಡರ ವಯಸ್ಸಿನ ಮಕ್ಕಳು ಬಾಯಿಪಾಠ ಮಾಡಿದ್ದನ್ನು ನಂಬಿಬಿಡುತ್ತಾರೆ.

ಆ ಹುಡುಗಿಯ ಮನೆಗೆ ಹೋಗಿ. ಬೆಳಿಗ್ಗೆ ಗಾಡಿ ಹತ್ತಿರ ಬೇಡ, ಗಿರಾಕಿಗಳ ಎದುರು ಅವರಿಗೆ ಮುಜುಗರ. ವ್ಯಾಪಾರ ಮುಗಿಸಿ, ಪಾತ್ರೆ ತೊಳೆದು, ಸ್ವಲ್ಪ ಸುಧಾರಿಸಿಕೊಂಡ ಮೇಲೆ ಸಂಜೆ ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ. ಅಮ್ಮನ ಹತ್ತಿರ ಮಾತಾಡುವುದು ಆಮೇಲೆ, ಮೊದಲು ಆ ಹುಡುಗಿಯ ಹತ್ತಿರವೇ ಹೇಳಿ: ‘ಪಟ್ಟಿ ಹಾಕಿದ್ದು ನಾನು ಪುಟ್ಟಿ. ಹಾಕಬಾರದಿತ್ತು. ಇನ್ನು ಹಾಕಲ್ಲ.’ ಅಷ್ಟೇ. ‘ಅವರು ಹೇಳಿದರು ಅಂತ ಹಾಕಿದೆ’ ಅಂತ ಬಾಲ ಸೇರಿಸಬೇಡಿ.

ಅಲ್ಲಿ ಎರಡು ಕೆಲಸ ಮಾತ್ರ ಮಾಡಬೇಡಿ. ಒಂದು, ‘ಉಳಿದ ದುಡ್ಡು ನಾನು ಕಟ್ತೀನಿ ಬಿಡಿ ಅಕ್ಕ’ ಅನ್ನಬೇಡಿ. ನಿಮ್ಮ ಮನಸ್ಸು ಒಳ್ಳೆಯದೇ, ಆದರೆ ಆ ಮಾತು ಪಟ್ಟಿಗಿಂತ ಜಾಸ್ತಿ ಚುಚ್ಚುತ್ತದೆ. ಇನ್ನೊಂದು, ‘ಕ್ಯಾಂಪಲ್ಲಿ ಅಡುಗೆ ನೀವು ನೋಡ್ಕೊಳ್ಳಿ, ಆಗ ಸರಿಹೋಗುತ್ತೆ’ ಅನ್ನಬೇಡಿ. ದುಡ್ಡಿದ್ದವರು ದುಡ್ಡು ಕೊಡಲಿ, ಇಲ್ಲದವರು ಸೌಟು ಹಿಡಿಯಲಿ ಅನ್ನುವ ಏರ್ಪಾಡು ನಮ್ಮ ಎಷ್ಟೋ ಕಮಿಟಿಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ನಡೆಯುತ್ತಿರುತ್ತದೆ. ಅವರ ಅನುಭವ ಬೇಕಿದ್ದರೆ ಕಮಿಟಿ ಮೀಟಿಂಗಿಗೆ ಕರೆಯಿರಿ. ಐವತ್ತು ಮಕ್ಕಳಿಗೆ ಚಿತ್ರಾನ್ನಕ್ಕೆ ಅಕ್ಕಿ ಎಷ್ಟು ಅಂತ ನಿಮ್ಮ ಗ್ರೂಪಿನಲ್ಲಿ ಅವರಷ್ಟು ಕರಾರುವಾಕ್ಕಾಗಿ ಹೇಳುವವರು ಇನ್ಯಾರಿದ್ದಾರೆ?

ಕಂಟ್ರಾಕ್ಟರ್ ಅವರನ್ನು ಖಳನಾಯಕ ಮಾಡಬೇಡಿ. ಅಂಥವರು ಇಲ್ಲದಿದ್ದರೆ ಟೆಂಪೊ, ಶಾಮಿಯಾನ ಯಾವುದೂ ಸಮಯಕ್ಕೆ ಬರುವುದಿಲ್ಲ. ಅವರಿಗೆ ಗೊತ್ತಿರುವುದು ಟಾರ್ಗೆಟ್ ಕೊಟ್ಟು ಕೆಲಸ ತೆಗೆಯುವುದು, ಅದನ್ನೇ ಇಲ್ಲೂ ತಂದರು. ಅವರಿಗೆ ಹೇಳಲು ನಿಮಗೊಂದು ಕಥೆ ಕೊಡುತ್ತೇನೆ. 1907ರ ಆಗಸ್ಟ್‌ನಲ್ಲಿ, ಸ್ಕೌಟ್ ಚಳವಳಿ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಕ್ಯಾಂಪ್ ಮಾಡಿದಾಗ ಶ್ರೀಮಂತರ ಶಾಲೆಯ ಹುಡುಗರನ್ನೂ ದುಡಿಯುವವರ ಮನೆಯ ಹುಡುಗರನ್ನೂ ಬೇಕೆಂದೇ ಸೇರಿಸಿದ್ದರು. ಶ್ರೀಮಂತರ ಮಕ್ಕಳಿಗೆ ಫೀಸು 1 ಪೌಂಡ್. ಉಳಿದವರಿಗೆ ಮೂರೂವರೆ ಶಿಲ್ಲಿಂಗ್, ಅಂದರೆ ಹೆಚ್ಚುಕಡಿಮೆ ಆರನೇ ಒಂದು ಪಾಲು. ಟೆಂಟು, ಊಟ, ಆಟ ಎಲ್ಲರಿಗೂ ಒಂದೇ. ಖರ್ಚು 55 ಪೌಂಡ್ ದಾಟಿತು, ಕೊನೆಗೆ 24 ಪೌಂಡ್ ಕಡಿಮೆ ಬಿತ್ತು. ತನ್ನ ಇಬ್ಬರು ಮಕ್ಕಳನ್ನು ಕಳಿಸಿದ್ದ ಒಬ್ಬ ತಂದೆ ಅದನ್ನು ತುಂಬಿದರು. ನೋಡಿ, ನಿಮ್ಮ ಕಂಟ್ರಾಕ್ಟರ್ ಸಾಹೇಬರಂಥವರು ಮೊದಲ ಕ್ಯಾಂಪಿನಲ್ಲೇ ಇದ್ದರು. ‘ಅಣ್ಣ, ಕಡಿಮೆ ಬಿದ್ದದ್ದನ್ನು ನೀವು ತುಂಬಿಕೊಡಿ, ಆದರೆ ಯಾರ ಪಾಲಿನದು ಅಂತ ಕೇಳಬೇಡಿ’ ಅಂತ ನೇರವಾಗಿ ಕೇಳಿ. ಒಪ್ಪಿಕೊಳ್ಳುತ್ತಾರೆ ಅಂತ ನನಗೆ ಅನಿಸುತ್ತದೆ. ಬ್ಯಾನರ್‌ನಲ್ಲಿ ಫೋಟೋ ಹಾಕಿಸಿ ಅಂದರೆ ಮಾತ್ರ ನಕ್ಕು ಸುಮ್ಮನಾಗಿ.

ಇದನ್ನೆಲ್ಲ ಮೀಟಿಂಗಿನಲ್ಲಿ ಎತ್ತುವ ಮುಂಚೆ ಕ್ಯಾಪ್ಟನ್ ಮೇಡಂ ಜೊತೆ ಒಬ್ಬರೇ ಕೂತು ಮಾತಾಡಿ. ಮಕ್ಕಳ ವಿಷಯದಲ್ಲಿ ಕೊನೆಯ ಮಾತು ಅವರದ್ದು. ಯಾರು ಕ್ಯಾಂಪಿಗೆ ಬರಬೇಕು, ಯಾರು ಬರಬಾರದು ಅಂತ ಹೇಳುವ ಅಧಿಕಾರ ಶಾಮಿಯಾನ ತರುವವರಿಗೂ ಇಲ್ಲ, ಲೆಕ್ಕ ಬರೆಯುವವರಿಗೂ ಇಲ್ಲ. ಮೇಡಂ ಸಂಕೋಚಕ್ಕೆ ಸುಮ್ಮನಿದ್ದಾರೆ. ಒಬ್ಬರು ಜೊತೆಗಿದ್ದಾರೆ ಅಂತ ಗೊತ್ತಾದರೆ ಅವರೇ ಬಾಯಿ ಬಿಡುತ್ತಾರೆ.

ಹಾಗಾದರೆ ದುಡ್ಡು ಹೇಗೆ ಕೂಡಿಸುವುದು? ಮಕ್ಕಳು ದುಡಿದು ಕೂಡಿಸಲಿ. ಸ್ಕೌಟ್ಸ್ ಗೈಡ್ಸ್‌ನಲ್ಲಿ ಇದಕ್ಕೆ ಖರೀ ಕಮಾಯಿ ಅಂತಲೇ ಪದ್ಧತಿ ಇದೆ. ಮಗು ಮನೆಮನೆಗೆ ಹೋಗಿ ಒಂದು ಕೆಲಸ ಮಾಡಿಕೊಟ್ಟು, ಅದಕ್ಕೆ ಸಿಕ್ಕಿದ್ದನ್ನು ಗುಂಪಿಗೆ ತರುವುದು. ಬ್ರಿಟನ್ನಿನ ಸ್ಕೌಟ್‌ಗಳು 1949ರಲ್ಲಿ ಒಂದು ಕೆಲಸಕ್ಕೆ ಒಂದು ಶಿಲ್ಲಿಂಗ್ ಅಂತ ಶುರು ಮಾಡಿದ್ದರಲ್ಲ, ಅದೇ ಬಗೆಯದ್ದು. ಗೈಡ್ ನಿಯಮಗಳು ಒಂಬತ್ತು, ಎಂಟನೆಯದು ಮಿತವ್ಯಯ. ಅಪ್ಪನ ಸಪ್ಲೈಯರ್‌ಗೆ ಕೂಪನ್ ಕೊಟ್ಟು ಅದನ್ನು ಕಲಿಯಲು ಆಗುವುದಿಲ್ಲ.

ಸಂಕ್ರಾಂತಿ ಹತ್ತಿರ ಬರುತ್ತಿದೆ. ಮಂಡ್ಯದಲ್ಲಿದ್ದುಕೊಂಡು ಬೆಲ್ಲಕ್ಕೆ ಎಲ್ಲಿ ಹೋಗುವುದು ಅಂತ ಯಾರೂ ಕೇಳುವ ಹಾಗಿಲ್ಲ. ಮಕ್ಕಳ ಕೈಲಿ ಎಳ್ಳು ಬೆಲ್ಲ ಮಾಡಿಸಿ. ಕೊಬ್ಬರಿಯ ಬೆನ್ನಿನ ಕಪ್ಪು ಹೆರೆಯುವುದು, ಸಣ್ಣಗೆ ಹೆಚ್ಚುವುದು, ಹುರಿದ ಕಡಲೆಕಾಯಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುವುದು, ಬೆಲ್ಲದ ಅಚ್ಚನ್ನು ಅಡಕತ್ತರಿಯಲ್ಲಿ ಕಾಳಿನಷ್ಟು ಮಾಡುವುದು. ಬೆಲ್ಲ, ಕೊಬ್ಬರಿ ಎರಡನ್ನೂ ಬಿಸಿಲಿಗೆ ಹಾಕಿ ಒಣಗಿಸದಿದ್ದರೆ ಪೊಟ್ಟಣದಲ್ಲಿ ಮುದ್ದೆಯಾಗುತ್ತದೆ, ಅದನ್ನು ಒಂದು ಸಲ ಕೆಡಿಸಿಯೇ ಕಲಿಯಲಿ. ಬೆಲ್ಲ ಹೆಚ್ಚುವಾಗ ನಿಮ್ಮ ಕೈ ತುರಿಸುತ್ತದೆ, ‘ಕೊಡು ಇಲ್ಲಿ, ಗಂಟೆಗಟ್ಟಲೆ ಮಾಡ್ತೀಯ’ ಅಂತ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ. ಕಿತ್ತುಕೊಳ್ಳಬೇಡಿ. ಒಲೆ ಮತ್ತು ಅಡಕತ್ತರಿಯ ಹತ್ತಿರ ಒಬ್ಬೊಬ್ಬ ದೊಡ್ಡವರು ನಿಂತರೆ ಸಾಕು. ಮಾರಲು ಹೋಗುವಾಗ ಇಬ್ಬಿಬ್ಬರು ಮಕ್ಕಳು, ಯೂನಿಫಾರ್ಮ್‌ನಲ್ಲಿ, ಬೆಳಕಿರುವಾಗ. ದೊಡ್ಡವರು ಬೀದಿಯ ತಿರುವಿನಲ್ಲಿ ನಿಲ್ಲಿ, ಬಾಗಿಲ ತನಕ ಬೇಡ. ಮೇಡಂ ಅಂತ ನಿಮ್ಮ ಮುಖ ನೋಡಿ ತಗೊಳ್ಳುವವರು ಈ ಸಲ ಬೇಡ.

ಲೆಕ್ಕ ಬೇಕೇ ಬೇಕು ಅಂದರೆ ಮಗುವಿನ ಹೆಸರಲ್ಲಿ ಬೇಡ, ಆರೆಂಟು ಮಕ್ಕಳ ಪ್ಯಾಟ್ರೋಲ್ ಇರುತ್ತದಲ್ಲ, ಅದರ ಹೆಸರಲ್ಲಿ ಬರೆಯಿರಿ. ಮಲ್ಲಿಗೆ ಪ್ಯಾಟ್ರೋಲ್ ಇಷ್ಟು ಪೊಟ್ಟಣ, ಕಮಲ ಪ್ಯಾಟ್ರೋಲ್ ಇಷ್ಟು. ಚೆನ್ನಾಗಿ ಮಾತಾಡುವವಳು ಮಾರುತ್ತಾಳೆ, ನಾಚಿಕೆಯವಳು ಪೊಟ್ಟಣ ಕಟ್ಟುತ್ತಾಳೆ, ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ ಹೋಗುತ್ತದೆ. ಬಂದ ದುಡ್ಡೆಲ್ಲ ಒಂದೇ ಡಬ್ಬಿಗೆ, ಕ್ಯಾಂಪ್ ಖರ್ಚನ್ನು ಎಲ್ಲರಿಗೂ ಸಮನಾಗಿ ಭಾಗ ಮಾಡಿ. ಆಮೇಲೂ ಕಟ್ಟಲಾಗದ ಮನೆ ಇದ್ದರೆ ಕ್ಯಾಪ್ಟನ್ ಮೇಡಂ ಒಬ್ಬರಿಗೆ ಗೊತ್ತಿದ್ದರೆ ಸಾಕು. ಇದರಿಂದ ಮೂರು ದಿನದ ಕ್ಯಾಂಪಿಗೆ ಆಗುವಷ್ಟು ಬರದೇ ಹೋಗಬಹುದು. ಆಗ ಎರಡು ದಿನ ಮಾಡಿ. ಅದೂ ಆಗದಿದ್ದರೆ ಬೆಳಿಗ್ಗೆ ಬಸ್ ಹತ್ತಿ ಪಾಂಡವಪುರದ ಕುಂತಿಬೆಟ್ಟಕ್ಕೆ ಹೋಗಿ ಸಂಜೆ ವಾಪಸ್ ಬನ್ನಿ.

ದಸರಾ ಕೂಪನ್ ದುಡ್ಡು ಹೇಗೂ ಬಂದಿದೆ, ಅದನ್ನೂ ಹೆಸರು ಅಳಿಸಿ ಅದೇ ಡಬ್ಬಿಗೆ ಹಾಕಿ. ಹತ್ತು ಮಾರಿದವರಿಗೆ ಫ್ರೀ ಅಂದಿದ್ದಿರಲ್ಲ ಅಂತ ಒಬ್ಬಿಬ್ಬರು ಜಗಳ ತೆಗೆಯುತ್ತಾರೆ, ಖಂಡಿತ. ‘ನಿಯಮ ತಪ್ಪಿತ್ತು, ಬದಲಾಯಿಸಿದ್ದೀವಿ’ ಅಂತ ಕ್ಯಾಪ್ಟನ್ ಮೇಡಂ ಹೇಳಲಿ, ನೀವು ಪಕ್ಕದಲ್ಲಿ ನಿಂತಿರಿ. ಕಮಿಟಿ ಒಪ್ಪದೆ ಪಟ್ಟಿಯೇ ಸರಿ ಅಂತ ಹಟ ಹಿಡಿದರೆ ಆಗ ಎದ್ದು ಬನ್ನಿ, ಲೆಕ್ಕದ ಹಾಳೆಗೆ ಸಹಿ ಹಾಕಿಸಿಕೊಂಡು ಬನ್ನಿ. ಆಗ ನಾನೂ ನಿಮ್ಮ ಯಜಮಾನರ ಪಕ್ಷ.

ಒಪ್ಪಿದರೆ ಬೇಸಿಗೆ ಕ್ಯಾಂಪ್ ಮುಗಿಯುವವರೆಗೆ ಇರಿ. ಯಜಮಾನರಿಗೆ ಈಗಲೇ ಹೇಳಿಬಿಡಿ, ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಪುಸ್ತಕ ಬೇರೆಯವರ ಕೈಗೆ ಕೊಡ್ತೀನಿ ಅಂತ. ಯಾರಿಗೆ ಅಂತ ಈಗಲೇ ನೋಡಿಕೊಳ್ಳಿ, ಎರಡು ಮೂರು ಭಾನುವಾರ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿ. ನಗುವ ಮುಖ ಹಾಕಿದವರನ್ನೇ ಕೇಳಿ ನೋಡಿ, ಲೆಕ್ಕದ ಮೇಲೆ ಅವರಿಗೆ ಆಸಕ್ತಿ ಇದೆ ಅಂತಾಯಿತಲ್ಲ.