ಪೆಲೆಟ್ ಗ್ರಿಲ್‌ನಲ್ಲಿ ಸ್ಟೇಕ್ ಬೂದು ಬಣ್ಣಕ್ಕೆ ಬೇಯುತ್ತದೆ, ಗರಿಗರಿಯಾಗುವುದಿಲ್ಲ. ಏನು ಅಪ್‌ಗ್ರೇಡ್ ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಅಮೆರಿಕದಲ್ಲಿದ್ದೀರಿ, ಹಿತ್ತಲಲ್ಲಿ ಪೆಲೆಟ್ ಗ್ರಿಲ್, ಅಂದರೆ ಮರದ ಪುಡಿಯ ಗುಳಿಗೆ (ಪೆಲೆಟ್) ಉರಿಸುವ ಗ್ರಿಲ್ ಇದೆ. ಕೋಳಿ, ಬ್ರಿಸ್ಕೆಟ್ (ದನದ ಎದೆಯ ಮಾಂಸ) ಚೆನ್ನಾಗಿ ಬರುತ್ತವೆ. ಆದರೆ ಸ್ಟೇಕ್, ಲ್ಯಾಂಬ್ ಚಾಪ್, ಪನೀರ್ ಟಿಕ್ಕಾ ಮಾತ್ರ ಬೆಂದು ಮೆತ್ತಗಾಗುತ್ತವೆ, ಕೆಂಡದ ಮೇಲೆ ಸುಟ್ಟ ರುಚಿ ಬರುವುದಿಲ್ಲ. ಡಯಲ್ ಪೂರ್ತಿ ತಿರುಗಿಸಿ 500 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟರೂ ಅಷ್ಟೇ. ಬಿಸಿ ನಿಯಂತ್ರಿಸುವ ಕಂಟ್ರೋಲರ್ ಹೊಸದು ಹಾಕಿಸಲಾ, ಜಿಡ್ಡು ಹಿಡಿಯುವ ಡ್ರಿಪ್ ಟ್ರೇಗೆ ತೂತು ಕೊರೆಯಲಾ, ಮಾಂಸ ಇಡುವ ಜಾಲರಿ, ಅಂದರೆ ಗ್ರೇಟ್, ದುಬಾರಿಯದು ತರಲಾ ಎಂದು ಕೇಳಿದ್ದೀರಿ.

ಕಂಟ್ರೋಲರ್ ಬೇಡ. ತೂತಂತೂ ಬೇಡವೇ ಬೇಡ. ಗ್ರೇಟ್ ತರಬಹುದು, ಆದರೆ ಮೊದಲು ಅಡುಗೆಮನೆಯಲ್ಲಿ ಬೀಡಿನ ಕಾವಲಿ ಇದೆಯಾ ನೋಡಿ.

ನಿಮ್ಮ ಗ್ರಿಲ್ ತೋರಿಸುವ 500 ಡಿಗ್ರಿ, ಅಂದರೆ 260 ಸೆಲ್ಸಿಯಸ್, ಒಳಗಿನ ಗಾಳಿಯ ಬಿಸಿ. ಮಾಂಸಕ್ಕೆ ಗಾಳಿಯಿಂದ ಶಾಖ ಬಹಳ ನಿಧಾನ ಹೋಗುತ್ತದೆ. 260 ಡಿಗ್ರಿ ಓವನ್ನಿನ ಗಾಳಿಯಲ್ಲಿ ದೋಸೆ ಹಿಟ್ಟು ಇಟ್ಟು ನೋಡಿ, ಒಣಗಿದ ರೊಟ್ಟಿಯಂಥದ್ದೇನೋ ಆಗುತ್ತದೆ. ಅದಕ್ಕಿಂತ ಕಡಿಮೆ ಬಿಸಿಯ ಕಾವಲಿಯ ಮೇಲೆ ಹುಯ್ಯಿರಿ, ಎರಡು ನಿಮಿಷಕ್ಕೆ ಕೆಂಪಗೆ ಗರಿಗರಿ. ಆದ್ದರಿಂದ ಡಯಲ್ ಎಷ್ಟು ತೋರಿಸುತ್ತದೆ ಎನ್ನುವುದು ಇಲ್ಲಿ ಮುಖ್ಯ ಅಲ್ಲ. ಶಾಖ ಯಾವ ದಾರಿಯಲ್ಲಿ, ಎಷ್ಟು ಬೇಗ ಮಾಂಸದ ಮೇಲ್ಮೈಗೆ ಸೇರುತ್ತದೆ ಅನ್ನುವುದು ಮುಖ್ಯ. ಒಂದೋ ಕಾದ ಲೋಹ ನೇರವಾಗಿ ತಾಕಬೇಕು, ಇಲ್ಲವೇ ಕೆಂಡದ ಝಳ ಬಡಿಯಬೇಕು.

ಪೆಲೆಟ್ ಗ್ರಿಲ್‌ನಲ್ಲಿ ಎರಡೂ ಕಡಿಮೆ. ಅದು ಅದರ ಹುಟ್ಟಿನಲ್ಲೇ ಇದೆ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಮನೆ ಬೆಚ್ಚಗಿಡಲು ಮರದ ಪುಡಿಯ ಗುಳಿಗೆ ಉರಿಸುವ ಸ್ಟೋವ್‌ಗಳು ಬಂದವು. ಅದೇ ಏರ್ಪಾಡನ್ನು ಅಡುಗೆಗೆ ತಂದದ್ದು ಆರೆಗಾನ್ ರಾಜ್ಯದ ಟ್ರೇಗರ್ ಕುಟುಂಬ. 1986ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಗುಳಿಗೆ ತುಂಬಿಡುವ ಪೆಟ್ಟಿಗೆಯಿಂದ, ಅಂದರೆ ಹಾಪರ್‌ನಿಂದ, ಆಗರ್ ಎಂಬ ತಿರುಪು ಗುಳಿಗೆಗಳನ್ನು ತಳ್ಳುತ್ತದೆ. ಒಂದು ಬಟ್ಟಲಿನಷ್ಟು ದೊಡ್ಡ ಫೈರ್ ಪಾಟ್‌ನಲ್ಲಿ ಅವು ಉರಿಯುತ್ತವೆ, ಫ್ಯಾನ್ ಗಾಳಿ ಊದುತ್ತದೆ. ಅದರ ಮೇಲೆ ಉರಿ ತಡೆಯುವ ತಗಡು, ತಗಡಿನ ಮೇಲೆ ಡ್ರಿಪ್ ಟ್ರೇ, ಆಮೇಲೆ ನಿಮ್ಮ ಗ್ರೇಟ್. ಅಂದರೆ ಬೆಂಕಿಗೂ ಮಾಂಸಕ್ಕೂ ನಡುವೆ ಬೇಕಂತಲೇ ಎರಡು ಗೋಡೆ ಕಟ್ಟಿದ್ದಾರೆ. ರಾತ್ರಿಯಿಡೀ ಬ್ರಿಸ್ಕೆಟ್ ಒಂದೇ ಹದದಲ್ಲಿ ಬೇಯುವುದು ಆ ಗೋಡೆಗಳಿಂದಲೇ. ಸ್ಟೇಕ್ ಕೆಂಪಾಗದೆ ಇರುವುದೂ ಅವುಗಳಿಂದಲೇ.

ಇನ್ನೊಂದು ಲೆಕ್ಕ. ಒಂದು ಕಿಲೋ ಪೆಲೆಟ್‌ನಲ್ಲಿ ಹೆಚ್ಚುಕಡಿಮೆ 5 ಕಿಲೋವಾಟ್ ಅವರ್ ಶಕ್ತಿ ಇರುತ್ತದೆ. ಪೂರ್ತಿ ಉರಿಯಲ್ಲಿ ಗಂಟೆಗೆ ಒಂದು ಕಿಲೋ, ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ. ಅಂದರೆ 5-6 ಕಿಲೋವಾಟ್. ಅಷ್ಟರಲ್ಲಿ ಆ ದೊಡ್ಡ ತಗಡಿನ ಪೆಟ್ಟಿಗೆ ಕಾಯಬೇಕು, ಚಿಮಣಿಯಿಂದ ಹೊರಹೋಗುವ ಗಾಳಿಯೂ ಕಾಯಬೇಕು. ನಾನಿರುವುದು ಮಿನ್ನೆಸೋಟದಲ್ಲಿ. ಇಲ್ಲಿ ಜನವರಿಯಲ್ಲಿ ಡಯಲ್ ಎಷ್ಟೇ ತಿರುಗಿಸಿದರೂ ಗ್ರಿಲ್ 450 ಫ್ಯಾರನ್‌ಹೀಟ್ ಮುಟ್ಟಲು ಒದ್ದಾಡುತ್ತದೆ. ಕಂಟ್ರೋಲರ್ ಬದಲಿಸಿದರೆ ತಾಪಮಾನ ಇನ್ನಷ್ಟು ಸ್ಥಿರವಾಗಿರಬಹುದು. ಇಲ್ಲದ ಉರಿಯನ್ನು ಅದು ಎಲ್ಲಿಂದ ತಂದೀತು?

ದುಡ್ಡು ಖರ್ಚು ಮಾಡುವ ಮೊದಲು ಒಂದೆರಡು ಪುಕ್ಕಟೆ ಕೆಲಸ ಮಾಡಿ. ಫೈರ್ ಪಾಟ್‌ನ ಬೂದಿ ತೆಗೆಯಿರಿ. ಬೂದಿ ತೂತುಗಳನ್ನು ಮುಚ್ಚಿದರೆ ಉರಿಗೆ ಗಾಳಿ ಸಿಗುವುದಿಲ್ಲ. ಪೆಲೆಟ್ ಒಂದನ್ನು ಮುರಿದು ನೋಡಿ. ಟಕ್ ಎಂದು ಮುರಿಯಬೇಕು. ಸುಮ್ನೆ ಪುಡಿಯಾದರೆ ತೇವ ಹೀರಿದೆ ಎಂದರ್ಥ, ಅದರಲ್ಲಿ ಜೋರು ಉರಿ ಬರುವುದಿಲ್ಲ. ಡ್ರಿಪ್ ಟ್ರೇಯ ಜಿಡ್ಡನ್ನು ಕೆರೆದು ತೆಗೆಯಿರಿ. ಇದು ಬಿಸಿಗಾಗಿ ಅಲ್ಲ, ನಿಮ್ಮ ಹುಬ್ಬು ಉಳಿಯಲಿ ಎಂದು. ಹಳೇ ಜಿಡ್ಡಿನ ಮೇಲೆ 500 ಡಿಗ್ರಿ ಇಟ್ಟರೆ ಒಂದು ದಿನ ಹೊತ್ತಿಕೊಳ್ಳುತ್ತದೆ. ಆಮೇಲೆ ಗ್ರೇಟ್ ಮೇಲೆ ಉದ್ದಕ್ಕೂ ಬ್ರೆಡ್ ಸ್ಲೈಸ್ ಜೋಡಿಸಿ, ಮುಚ್ಚಳ ಹಾಕಿ ಕೆಲವು ನಿಮಿಷ ಬಿಡಿ. ಯಾವ ಬ್ರೆಡ್ ಮೊದಲು ಕಪ್ಪಾಯಿತೋ ಅಲ್ಲೇ ನಿಮ್ಮ ಗ್ರಿಲ್‌ನ ಬಿಸಿ ಜಾಗ. ಮುಂದೆ ಹೇಳುವುದೆಲ್ಲ ಆ ಜಾಗದಲ್ಲೇ ಮಾಡಬೇಕು.

ಈಗ ಕಾವಲಿ. ಬೀಡಿನ ಕಾವಲಿ ಅಥವಾ ದಪ್ಪ ತಳದ ಬೀಡಿನ ಸ್ಕಿಲೆಟ್ ಯಾವುದಾದರೂ ಸರಿ. ಅದನ್ನು ಬಿಸಿ ಜಾಗದಲ್ಲಿಟ್ಟು, ಗ್ರಿಲ್ ಪೂರ್ತಿ ಉರಿಯಲ್ಲಿ ಮುಚ್ಚಳ ಮುಚ್ಚಿ ಅರ್ಧ ಗಂಟೆಯಾದರೂ ಕಾಯಿಸಿ. ಪರದೆಯ ಮೇಲೆ 500 ಬಂದ ತಕ್ಷಣ ಮಾಂಸ ಹಾಕಬೇಡಿ. ಆಗ ಕಾದಿರುವುದು ಗಾಳಿ ಮಾತ್ರ, ಲೋಹ ಹಿಂದೆಯೇ ಉಳಿದಿರುತ್ತದೆ. ಸರಿಯಾಗಿ ಕಾದ ಕಾವಲಿ ತಾನು ತುಂಬಿಕೊಂಡ ಶಾಖವನ್ನು ಮಾಂಸಕ್ಕೆ ಒಮ್ಮೆಲೇ ಕೊಡುತ್ತದೆ. ಮುಚ್ಚಳ ತೆಗೆದಾಗ ಗಾಳಿಯ ಬಿಸಿ ಸೆಕೆಂಡುಗಳಲ್ಲಿ ಹಾರಿಹೋದರೂ ಕಾವಲಿಗೆ ಏನೂ ಆಗುವುದಿಲ್ಲ. ತುಪ್ಪ ಸುಮಾರು 250 ಸೆಲ್ಸಿಯಸ್‌ವರೆಗೆ ತಡೆಯುತ್ತದೆ, ಅದನ್ನೇ ತೆಳ್ಳಗೆ ಸವರಿ. ಬೆಣ್ಣೆ ಈ ಬಿಸಿಗೆ ಸುಟ್ಟು ಕಹಿಯಾಗುತ್ತದೆ.

ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಗ್ರೇಟ್, ಗ್ರಿಲ್‌ಗ್ರೇಟ್ಸ್ ಥರದ್ದು, ಕೂಡ ಒಳ್ಳೆಯದೇ. ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಮೂರು ಪಟ್ಟು ಬೇಗ ಶಾಖ ಹರಿಸುತ್ತದೆ. ಹಾಗಾಗಿ ಬೇಗ ಕಾಯುತ್ತದೆ, ಮಾಂಸ ಇಟ್ಟ ಜಾಗಕ್ಕೆ ಸುತ್ತಲಿನ ಬಿಸಿಯನ್ನು ಎಳೆದು ತರುತ್ತದೆ. ಎರಡು ಮೂರು ಪಟ್ಟಿ ಸಾಕು, ಗ್ರಿಲ್ ಪೂರ್ತಿ ಹಾಸಿದರೆ ಬಿಸಿಗಾಳಿ ಮೇಲೆ ಬರುವ ದಾರಿಯೇ ಮುಚ್ಚುತ್ತದೆ. ಜಾಹೀರಾತಿನ ಫೋಟೋದಲ್ಲಿ ಕಾಣುವ ಕಪ್ಪು ಗೆರೆಗಳಿಗೆ ಮರುಳಾಗಬೇಡಿ. ಗೆರೆ ಇರುವಲ್ಲಿ ಮಾತ್ರ ರುಚಿ, ನಡುವಿನದೆಲ್ಲ ಬೂದು. ನಾನಾದರೆ ಪಟ್ಟಿಗಳನ್ನು ಮಗುಚಿ ಚಪ್ಪಟೆ ಬದಿಯ ಮೇಲೇ ಸುಡುತ್ತೇನೆ. ಇದರ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆಯುವಾಗ ಹುಷಾರು. ಹೊಳೆಯುವ ಲೋಹದ ಮೇಲೆ ಅದು ತಪ್ಪು ಸಂಖ್ಯೆ ಕೊಡುತ್ತದೆ. ಎಣ್ಣೆ ಕುಡಿದು ಕಪ್ಪಗಾದ ಬೀಡಿನ ಮೇಲೆ ಮಾತ್ರ ನಂಬಿ.

ಇನ್ನು ನಿಮ್ಮ ತೂತಿನ ಯೋಚನೆ. ಇದು ಎಲ್ಲಿಂದ ಬಂತೆಂದು ಗೊತ್ತು. ಕ್ಯಾಂಪ್ ಶೆಫ್, ಪಿಟ್ ಬಾಸ್ ಕಂಪನಿಗಳ ಕೆಲವು ಗ್ರಿಲ್‌ಗಳಲ್ಲಿ ನಡುವಿನ ತಗಡನ್ನು ಸರಿಸಿ ಉರಿಯನ್ನು ನೇರವಾಗಿ ಮಾಂಸಕ್ಕೆ ತಾಗಿಸುವ ಏರ್ಪಾಡಿದೆ. ಅದು ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಉರಿ ಬರುವುದು ಆ ಬಟ್ಟಲಿನಷ್ಟು ಜಾಗದಲ್ಲಿ ಮಾತ್ರ, ಒಮ್ಮೆಗೆ ಒಂದೆರಡು ಸ್ಟೇಕ್ ಅಷ್ಟೇ. ಮೇಲಾಗಿ ಆ ಗ್ರಿಲ್‌ಗಳನ್ನು ಅದಕ್ಕೆಂದೇ ಕಟ್ಟಿರುತ್ತಾರೆ. ನಿಮ್ಮದರಲ್ಲಿ ಟ್ರೇ ಕೊರೆದರೆ ಕೊಬ್ಬು ಸೀದಾ ಬೆಂಕಿಗೆ ಬೀಳುತ್ತದೆ, ಫ್ಯಾನ್ ಅದಕ್ಕೆ ಗಾಳಿ ಊದುತ್ತಲೇ ಇರುತ್ತದೆ. ಮಿತಿ ಮೀರಿದ ಬಿಸಿಗೆ ಯಂತ್ರ ಆಫ್ ಆಗುವ ಸುರಕ್ಷತೆಯನ್ನು ತಪ್ಪಿಸುವ ಕಂಟ್ರೋಲರ್‌ಗಳೂ ಇದೇ ಜಾತಿಯವು. ಫೈರ್ ಪಾಟ್‌ನಲ್ಲಿ ಗುಳಿಗೆ ಜಾಸ್ತಿ ತುಂಬಿ, ಉರಿ ಆರಿ, ಮತ್ತೆ ಹೊತ್ತಿಕೊಂಡರೆ ದಟ್ಟ ಹೊಗೆ ಒಮ್ಮೆಲೇ ಹೊತ್ತಿ ಮುಚ್ಚಳವೇ ಎಗರಬಹುದು. ಬೆಂಕಿ ಆಗರ್ ಕೊಳವೆಯಲ್ಲಿ ಹಿಂದಕ್ಕೆ ತೆವಳಿ ಹಾಪರ್ ಸೇರುವ ಅಪಾಯವೂ ಇದೆ. ವಾರಂಟಿ ಹೋಗುವುದು ಇದರಲ್ಲಿ ಚಿಕ್ಕ ವಿಷಯ.

ನನ್ನನ್ನು ಕೇಳಿದರೆ ಅತ್ಯುತ್ತಮ ಅಪ್‌ಗ್ರೇಡ್ ಗ್ರಿಲ್‌ನ ಒಳಗಿಲ್ಲ, ಪಕ್ಕದಲ್ಲಿದೆ. ಇದ್ದಿಲು ಹೊತ್ತಿಸುವ ಚಿಮಣಿ ಸ್ಟಾರ್ಟರ್ ಇದೆಯಲ್ಲ, 30 ಡಾಲರ್ ಆಸುಪಾಸಿನ ಆ ತಗಡಿನ ಕೊಳವೆ, ಅದೇ. ಅರ್ಧದಷ್ಟು ಇದ್ದಿಲು ತುಂಬಿ ಪೂರ್ತಿ ಕೆಂಡವಾಗಲು ಬಿಡಿ. ಮೇಲೊಂದು ಗಟ್ಟಿ ಜಾಲರಿ ಇಟ್ಟು ಅದರ ಮೇಲೆ ಸ್ಟೇಕ್. ಕೆಂಪಗೆ ಹೊಳೆಯುವ ಕೆಂಡ 700 ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಬಿಸಿಯನ್ನು ಕೆಲ್ವಿನ್‌ನಲ್ಲಿ (ಸೆಲ್ಸಿಯಸ್‌ಗೆ 273 ಕೂಡಿಸಿ) ಅಳೆದರೆ, ಝಳ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ. ಹಾಗಾಗಿ 260 ಡಿಗ್ರಿಯ ಲೋಹ ಸೂಸುವುದಕ್ಕಿಂತ ಕೆಂಡದ ಝಳ ಸುಮಾರು ಹತ್ತು ಪಟ್ಟು ಜಾಸ್ತಿ. ಪೆಲೆಟ್ ಗ್ರಿಲ್‌ಗೆ ನೂರಾರು ಡಾಲರ್ ಸುರಿದರೂ ಈ ಹತ್ತು ಪಟ್ಟು ಬರುವುದಿಲ್ಲ. ಒಂದು ಬದಿಗೆ ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ. ಅಲ್ಯೂಮಿನಿಯಂ ಪಟ್ಟಿ ಮಾತ್ರ ಇದರ ಮೇಲೆ ಇಡಬೇಡಿ, 660 ಡಿಗ್ರಿಗೆ ಅದು ಕರಗುತ್ತದೆ. ಚಿಮಣಿಯನ್ನು ಕಾಂಕ್ರೀಟ್ ಅಥವಾ ಇಟ್ಟಿಗೆಯ ಮೇಲಿಡಿ, ಮರದ ಡೆಕ್ ಮೇಲೆ ಖಂಡಿತ ಬೇಡ. ಅಪಾರ್ಟ್‌ಮೆಂಟ್ ಬಾಲ್ಕನಿಯಾದರೆ ಇದ್ದಿಲು, ಗ್ಯಾಸ್ ಎರಡಕ್ಕೂ ಹಲವು ಊರುಗಳಲ್ಲಿ ನಿಷೇಧ ಇದೆ, ಮೊದಲು ವಿಚಾರಿಸಿ. ಇದ್ದಿಲಿನ ರಗಳೆ ಬೇಡ ಎನ್ನುವವರಿಗೆ ಕ್ಯಾಂಪ್ ಶೆಫ್‌ನವರು ತಮ್ಮ ಗ್ರಿಲ್‌ಗಳ ಪಕ್ಕಕ್ಕೆ ಜೋಡಿಸುವ, ಜೋರು ಉರಿಯಲ್ಲಿ ಮಾಂಸದ ಮೇಲ್ಮೈ ಸುಡುವ ಗ್ಯಾಸ್ ಸಿಯರ್ ಬಾಕ್ಸ್ ಮಾರುತ್ತಾರೆ. ನಿಮ್ಮದು ಅದೇ ಕಂಪನಿಯದಾದರೆ ಅದು ಆರಾಮ.

ಈಗ ಪೆಲೆಟ್ ಗ್ರಿಲ್ ಏನು ಮಾಡಬೇಕು? ತನಗೆ ಬರುವ ಕೆಲಸ ಮಾಡಲಿ. ಹಿಂದಿನ ರಾತ್ರಿ ಸ್ಟೇಕ್‌ಗೆ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನಲ್ಲಿಡಿ. ಮೇಲ್ಮೈ ಒಣಗುತ್ತದೆ. ಮರುದಿನ 225 ಫ್ಯಾರನ್‌ಹೀಟ್‌ನಲ್ಲಿ ನಿಧಾನಕ್ಕೆ ಹೊಗೆಯಾಡಿಸಿ. ಒಳಗಿನ ಬಿಸಿ 115 ಮುಟ್ಟಿದಾಗ ಹೊರಗೆ ತೆಗೆದು ಒಂದು ಹತ್ತು ನಿಮಿಷ ಬಿಡಿ. ಟಿಶ್ಯೂನಿಂದ ಒತ್ತಿ ಒರೆಸಿ. ಆಮೇಲೆ ಕೆಂಡ ಅಥವಾ ಕಾವಲಿ. ಕೊನೆಗೆ 130ರ ಹತ್ತಿರ ನಿಂತರೆ ಮೀಡಿಯಂ ರೇರ್, ಅಂದರೆ ನಡುವೆ ಇನ್ನೂ ಕೆಂಪಗಿರುವ ಹದ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿನ ಮಾಂಸಕ್ಕೆ 145 ಮತ್ತು ಮೂರು ನಿಮಿಷ ವಿರಾಮ ಎನ್ನುತ್ತದೆ. ಮಕ್ಕಳು, ಬಸುರಿಯರು ಮನೆಯಲ್ಲಿದ್ದರೆ ಅದನ್ನೇ ಪಾಲಿಸಿ. ಒಂದೇ ಗ್ರಿಲ್‌ನಲ್ಲಿ ಕಾವಲಿಯನ್ನೂ ಬಳಸುವುದಾದರೆ ಗ್ರಿಲ್ 225ರಿಂದ 500ಕ್ಕೆ ಏರಿ, ಕಾವಲಿಯೂ ಬಿಸಿಯಾಗುವ ತನಕ ಮಾಂಸ ಹೊರಗೇ ಇರಬೇಕು. ಚಿಮಣಿ ಸ್ಟಾರ್ಟರ್ ಆದರೆ ಆ ತಡ ಇಲ್ಲ.

ಒರೆಸುವುದನ್ನು ಯಾಕೆ ಒತ್ತಿ ಹೇಳಿದೆ ಎಂದರೆ, ಮೇಲ್ಮೈಯಲ್ಲಿ ನೀರಿರುವ ತನಕ ಅದು 100 ಸೆಲ್ಸಿಯಸ್ ದಾಟುವುದಿಲ್ಲ. ಕಂದು ಬಣ್ಣ ಕಟ್ಟಲು 140 ಆದರೂ ಬೇಕು. ಫ್ರಿಜ್‌ನ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಎಷ್ಟು ಶಾಖ ಬೇಕೋ, ಅದರ ಐದು ಪಟ್ಟಿಗಿಂತ ಜಾಸ್ತಿ ಆ ನೀರನ್ನು ಆವಿ ಮಾಡಲು ಬೇಕು. ನಿಮ್ಮ ಗ್ರಿಲ್‌ನ ಬಡಪಾಯಿ ಉರಿ ಎಲ್ಲ ಈ ಆವಿಗೇ ಹೋಗುತ್ತಿದೆ.

ಪನೀರ್ ಟಿಕ್ಕಾ ಕೆಡುವುದೂ ಇದರಿಂದಲೇ. ತಂದೂರಿನ ಗೋಡೆ 400 ಸೆಲ್ಸಿಯಸ್ ದಾಟಿರುತ್ತದೆ, ಒದ್ದೆ ಮಸಾಲೆಯನ್ನೂ ಅದು ಗದ್ದಲವಿಲ್ಲದೆ ಒಣಗಿಸುತ್ತದೆ. ಪೆಲೆಟ್ ಗ್ರಿಲ್‌ಗೆ ಆ ತಾಕತ್ತಿಲ್ಲ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಪೂರ್ತಿ ಇಳಿಸಿ. ಹುರಿದ ಕಡಲೆಹಿಟ್ಟು ಒಂದೆರಡು ಚಮಚ ಹಾಕಿದರೆ ಉಳಿದ ತೇವವನ್ನು ಅದು ಹಿಡಿದುಕೊಳ್ಳುತ್ತದೆ. ಮಸಾಲೆ ತೆಳ್ಳಗಿರಲಿ. ಜೇನು, ಸಕ್ಕರೆ ಬೇಡ, ಕೆಂಪಾಗುವ ಮೊದಲೇ ಕಪ್ಪಾಗುತ್ತವೆ. ಪನೀರ್ ಕರಗುವುದಿಲ್ಲವಾದ್ದರಿಂದ ಧೈರ್ಯವಾಗಿ ಕಾದ ಕಾವಲಿಯ ಮೇಲೆ ಒತ್ತಿ ಹಿಡಿಯಬಹುದು. ಈರುಳ್ಳಿ, ಕ್ಯಾಪ್ಸಿಕಂ ಮಾತ್ರ ಬೇರೆ ಕಡ್ಡಿಗೆ ಪೋಣಿಸಿ. ಅವುಗಳ ನೀರು ಪನೀರ್ ಮೇಲೆ ಇಳಿಯುವುದಿಲ್ಲ, ಅವು ಬೇಯಲು ಬೇಕಾದ ಹೊತ್ತೂ ಬೇರೆಯೇ.